ಶಾಲೆಗೆ ಗೊತ್ತಾದದ್ದು ಯಾವತ್ತು?

ಓದುಗರ ಪ್ರಶ್ನೆ, ಕಾನೂನಿನ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಗೋಳುಹೊಯ್ದುಕೊಳ್ಳುವುದು, ದೊಡ್ಡವರು ಕಂಡೂ ಕಾಣದಂತಿರುವುದು. ಮಕ್ಕಳ ಮತ್ತು ಶಾಲೆಯ ಗುರುತು ಸಿಗದಂತೆ ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು, ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆ. ಎಂಟನೇ ಕ್ಲಾಸಿನ ಮೂರು ಹುಡುಗರು ಜೂನ್‌ನಿಂದಲೂ ಅವನ ಟಿಫಿನ್ ಕಿತ್ತುಕೊಳ್ಳುವುದು, ಬ್ಯಾಗನ್ನು ಮಳೆನೀರಿಗೆ ಎಸೆಯುವುದು, ಶೌಚಾಲಯದ ಹಿಂದೆ ಕರೆದೊಯ್ದು ತಳ್ಳಾಡುವುದು ಮಾಡುತ್ತಿದ್ದಾರೆ. ಕ್ಲಾಸ್ ಟೀಚರಿಗೆ ಎರಡು ಸಲ, ಹೆಚ್‌ಎಂಗೆ ಒಂದು ಸಲ ಬಾಯಲ್ಲಿ ಹೇಳಿದ್ದೆ. ‘ಗಂಡುಮಕ್ಕಳಲ್ವಾ, ಆಡ್ಕೋತಾರೆ ಬಿಡಿ’ ಅಂದರು. ಹೋದ ವಾರ ತಳ್ಳಿದ್ದಕ್ಕೆ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಈಗ ಶಾಲೆಯವರು ‘ಪಾಚಿ ಮೇಲೆ ಜಾರಿದ’ ಅನ್ನುತ್ತಾರೆ. ಶಾಲೆಯನ್ನು ಹೊಣೆ ಮಾಡಲು ಆಗುತ್ತದಾ?
– ಒಬ್ಬ ತಾಯಿ, ಗೋಣಿಕೊಪ್ಪ ಸಮೀಪ

ಉತ್ತರ: ಆಗುತ್ತದೆ. ಹಾಗಂತ ಗೇಟಿನೊಳಗೆ ಪೆಟ್ಟಾಯಿತು ಎಂದ ಮಾತ್ರಕ್ಕೆ ಶಾಲೆ ಹೊಣೆಯಾಗುವುದಿಲ್ಲ. ಎಷ್ಟು ಎಚ್ಚರದಲ್ಲಿದ್ದರೂ ಮಕ್ಕಳು ಬೀಳುತ್ತಾರೆ, ನ್ಯಾಯಾಲಯಕ್ಕೂ ಅದು ಗೊತ್ತು. ಅಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಹೀಗಾಗಬಹುದೆಂದು ಶಾಲೆಗೆ ಗೊತ್ತಿತ್ತೇ, ಇಲ್ಲವೇ ಗೊತ್ತಿರಬೇಕಿತ್ತೇ? ಗೊತ್ತಾದ ಮೇಲೆ ಏನು ಮಾಡಿತು? ಮಾಡಬೇಕಾದ್ದನ್ನು ಮಾಡಿದ್ದರೆ ಈ ಪೆಟ್ಟು ತಪ್ಪುತ್ತಿತ್ತೇ? ಹೆಚ್ಚಿನ ಪ್ರಕರಣಗಳು ಬಿದ್ದುಹೋಗುವುದು ಮೊದಲನೆಯ ಪ್ರಶ್ನೆಯಲ್ಲೇ. ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂಬ ಒಂದೇ ಸಾಲು ಸಾಕು, ಬಾಯಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋಗುತ್ತದೆ.

ಶಾಲೆಯ ಹೊತ್ತಿನಲ್ಲಿ ಮಗುವಿನ ಬಗ್ಗೆ ಶಾಲೆಗಿರುವುದು ವಿವೇಕವುಳ್ಳ ಹೆತ್ತವರಿಗಿರುವಷ್ಟೇ ಹೊಣೆ. 1995ರ ಮೇ ತಿಂಗಳಲ್ಲಿ ಪಠಾಣ್‌ಕೋಟ್ ಕಡೆಯ ಶಾಲೆಯೊಂದರಿಂದ ಪಿಕ್ನಿಕ್‌ಗೆ ಹೋದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. 2001ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಮಗುವಿಗೆ 5 ಲಕ್ಷ ರೂಪಾಯಿಯಂತೆ ಕೊಟ್ಟಿದ್ದ ಪರಿಹಾರವನ್ನು ಎತ್ತಿಹಿಡಿದು, ಜೊತೆಗಿದ್ದ ಶಿಕ್ಷಕರ ಅಜಾಗರೂಕತೆಗೆ ಆಡಳಿತ ಮಂಡಳಿಯೂ ಹೊಣೆ ಎಂದಿತು. ಅದು ಪುಂಡಾಟದ ಪ್ರಕರಣವಲ್ಲ, ಆದರೆ ತತ್ವ ಅದೇ. ಮಕ್ಕಳ ನಡುವಿನ ಕಿರುಕುಳವನ್ನು ನೇರವಾಗಿ ಹೆಸರಿಸಿದ್ದು ಕೇಂದ್ರ ಶಿಕ್ಷಣ ಸಚಿವಾಲಯದ 2021ರ ಮಾರ್ಗಸೂಚಿ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಆಡಳಿತ ಮಂಡಳಿಯ ಹೊಣೆಯನ್ನು ಅದು ಗುರುತಿಸುತ್ತದೆ. ಬುಲ್ಲಿಯಿಂಗ್ ತಡೆಯದಿರುವುದು, ಮಗುವಿನ ದೂರಿನ ಮೇಲೆ ಕ್ರಮ ಕೈಗೊಳ್ಳದಿರುವುದು, ಪೆಟ್ಟಾದಾಗ ಚಿಕಿತ್ಸೆಗೆ ತಡಮಾಡುವುದು, ಮೂರೂ ಅದರ ಪ್ರಕಾರ ನಿರ್ಲಕ್ಷ್ಯ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಇದನ್ನು ಜಾರಿಗೆ ತರಬೇಕೆಂದು ಆದೇಶಿಸಿತು. 2025ರ ಜುಲೈ 25ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಇಂಥ ದೂರುಗಳಿಗೆಂದೇ ಪ್ರತಿ ಸಂಸ್ಥೆಯಲ್ಲಿ ಸಮಿತಿ ಅಥವಾ ಅಧಿಕಾರಿ ಇರಬೇಕು, ದೂರು ಕೊಟ್ಟವರ ಮೇಲೆ ಹಗೆ ಸಾಧಿಸಬಾರದು, ಸಕಾಲದಲ್ಲಿ ಕ್ರಮ ಕೈಗೊಳ್ಳದಿದ್ದರೆ ಅದು ಸಂಸ್ಥೆಯದೇ ತಪ್ಪು ಎಂದು ಹೇಳಿದೆ.

ನಿಮ್ಮ ಕೆಲಸ ಈಗ ಕಾಗದದ್ದು. ಇವತ್ತೇ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ, ಆಡಳಿತ ಮಂಡಳಿಯ ಕಾರ್ಯದರ್ಶಿಗೂ ಒಂದು ಪ್ರತಿ ಹೋಗಲಿ. ಕೋಪ, ಶಾಪ, ‘ನಿಮ್ಮ ಶಾಲೆ ಹಾಳಾಗಿದೆ’ ಎಂಬಂಥ ಮಾತು ಬೇಡ. ಒಂದೊಂದು ಘಟನೆಗೆ ಒಂದೊಂದು ಸಾಲು: ತಾರೀಕು, ಹೊತ್ತು, ಜಾಗ, ಯಾರು, ಏನು ಮಾಡಿದರು, ಯಾರು ನೋಡಿದರು. ತಾರೀಕು ನೆನಪಿಲ್ಲದಿದ್ದರೆ ‘ಜುಲೈ ಎರಡನೇ ವಾರ, ಮಳೆ ರಜೆ ಮುಗಿದು ಶಾಲೆ ತೆರೆದ ದಿನ’ ಎಂದು ಬರೆದರೂ ನಡೆಯುತ್ತದೆ. ಊಹಿಸಿ ತಾರೀಕು ಹಾಕಿ ಆಮೇಲೆ ಸಿಕ್ಕಿಬೀಳಬೇಡಿ. ನೀವು ಬಾಯಲ್ಲಿ ಹೇಳಿದ ಮೂರು ಸಲದ ವಿವರ ಇದರಲ್ಲೇ ಬರಬೇಕು: ಯಾವಾಗ, ಯಾರ ಹತ್ತಿರ, ಅವರು ಏನೆಂದರು. ಅದನ್ನು ಅವರು ಅಲ್ಲಗಳೆಯದೆ ಸುಮ್ಮನಿದ್ದರೆ ಆ ಮೌನವೂ ಮುಂದೆ ನಿಮ್ಮ ಕಡೆಗೆ ವಾಲುತ್ತದೆ. ಕೊನೆಯಲ್ಲಿ ನಿಮ್ಮ ಬೇಡಿಕೆ ಖಚಿತವಾಗಿರಲಿ: ‘ಊಟದ ಬಿಡುವಿನಲ್ಲಿ ಶೌಚಾಲಯದ ಬಳಿ ಶಿಕ್ಷಕರೊಬ್ಬರನ್ನು ನೇಮಿಸಿ, ಆ ಮೂವರನ್ನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರಿಸಿ, ವಿಚಾರಣೆ ನಡೆಸಿ 7 ದಿನದೊಳಗೆ ಲಿಖಿತ ಉತ್ತರ ಕೊಡಿ.’

ಪತ್ರದ ನಕಲಿನ ಮೇಲೆ ಕಚೇರಿಯ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಸಾರ್ ಬಂದ ಮೇಲೆ ನೋಡ್ತಾರೆ’ ಎಂದರೆ ಇಟ್ಟು ಬರಬೇಡಿ. ನೇರ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮಾಡಿ, ಶಾಲೆಯ ಇಮೇಲ್‌ಗೂ ಕಳಿಸಿ.

ಆಸ್ಪತ್ರೆ ಕಾಗದದಲ್ಲಿ ಏನು ಬರೆದಿದೆ ನೋಡಿದ್ದೀರಾ? ಗಾಯ ಹೇಗಾಯಿತೆಂದು ಡಾಕ್ಟರು ಕೇಳಿದಾಗ ಗಾಬರಿಯಲ್ಲಿ, ಅಥವಾ ಜೊತೆಗೆ ಬಂದ ಶಾಲೆಯವರ ಮುಲಾಜಿಗೆ, ‘ಬಿದ್ದ’ ಎಂದಷ್ಟೇ ಹೇಳುವವರು ಬಹಳ. ಅದೇ ಒಂದು ಪದ ಆಮೇಲೆ ಶಾಲೆಯ ಕೈಗೆ ಸಿಗುತ್ತದೆ. ಹಾಗೆ ಬರೆದಿದ್ದರೆ ಮುಂದಿನ ಭೇಟಿಯಲ್ಲಿ ‘ಹಿರಿಯ ವಿದ್ಯಾರ್ಥಿಗಳು ತಳ್ಳಿದ್ದರಿಂದ ಬಿದ್ದು’ ಎಂದು ಪೂರ್ತಿ ವಿವರ ದಾಖಲಿಸಲು ಕೇಳಿ. ಎಕ್ಸ್‌ರೇ, ಬಿಲ್ಲು, ಬ್ಯಾಂಡೇಜಿನ ಫೋಟೋ, ಕೆಸರಾದ ಬ್ಯಾಗು, ಯಾವುದನ್ನೂ ಬಿಸಾಡಬೇಡಿ.

ಸಿಸಿಟಿವಿ ಇದ್ದರೆ ಆ ದಿನದ ದೃಶ್ಯ ಅಳಿಸದಂತೆ ಪತ್ರದಲ್ಲೇ ಕೇಳಬೇಕು. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಯಂತ್ರ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ವಾರಗಟ್ಟಲೆ ಕಾದು ಕೇಳಿದರೆ ‘ಹೋಗಿದೆ’ ಎಂಬ ಉತ್ತರ ನಿಜವೇ ಆಗಿರಬಹುದು. ಲಿಖಿತ ಬೇಡಿಕೆ ತಲುಪಿದ ಮೇಲೂ ಅಳಿಸಿಹೋದರೆ ಮಾತ್ರ ಅದಕ್ಕೆ ಶಾಲೆ ಉತ್ತರ ಹೇಳಬೇಕಾಗುತ್ತದೆ.

ಇನ್ನು ಪಾಚಿ. ಕೊಡಗಿನ ಮಳೆಗಾಲದಲ್ಲಿ ಶೌಚಾಲಯದ ಹಿಂದಿನ ಸಿಮೆಂಟು ನೆಲದಲ್ಲಿ ಪಾಚಿ ಕಟ್ಟುತ್ತದೆಂದು ತಿಳಿಯಲು ತಜ್ಞರು ಬೇಕಿಲ್ಲ. ಉಜ್ಜಿಸದೆ, ಮಕ್ಕಳು ಅಲ್ಲಿಗೆ ಹೋಗದಂತೆ ತಡೆಯದೆ ಬಿಟ್ಟಿದ್ದರೆ ಅದೂ ನಿರ್ಲಕ್ಷ್ಯವೇ. ಶಾಲೆ ಆ ಸಮಜಾಯಿಷಿಯನ್ನು ಬರವಣಿಗೆಯಲ್ಲಿ ಕೊಟ್ಟರೆ ಜೋಪಾನವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಸೀಲು ಹಾಕಿಸಿ ದೂರು ಕೊಟ್ಟು ಮೂರು ವಾರವಾಯಿತು, ಉತ್ತರವಿಲ್ಲ. ಮಂಡಳಿಯಲ್ಲಿರುವವರು ನಮ್ಮ ಊರಿನವರೇ, ‘ಮನೆಯವರು ಕೂತು ಮಾತಾಡಿ ಮುಗಿಸೋಣ’ ಎನ್ನುತ್ತಿದ್ದಾರೆ. ಮುಂದೆ ಎಲ್ಲಿಗೆ ಹೋಗಬೇಕು?
– ಕುಶಾಲನಗರ

ಉತ್ತರ: ಕೂತು ಮಾತಾಡಿ, ತಪ್ಪಿಲ್ಲ. ಆದರೆ ‘ಯಾವುದೇ ದೂರಿಲ್ಲ’ ಎಂಬ ಒಕ್ಕಣೆಯ ಕಾಗದಕ್ಕೆ ಸಹಿ ಹಾಕಬೇಡಿ. ಮಾತುಕತೆ ಮುಗಿದ ದಿನವೇ ‘ಇವತ್ತು ಇಂತಿಂಥವರು ಸೇರಿದ್ದೆವು, ಶಾಲೆ ಇಂತಿಂಥ ಕ್ರಮಕ್ಕೆ ಒಪ್ಪಿತು’ ಎಂದು ನೀವೇ ಒಂದು ಇಮೇಲ್ ಕಳಿಸಿಬಿಡಿ.

ಸಿಬಿಎಸ್‌ಇ 2015ರ ಮಾರ್ಚ್‌ನಲ್ಲೇ ತನ್ನ ಶಾಲೆಗಳಿಗೆ ಬುಲ್ಲಿಯಿಂಗ್ ಮತ್ತು ರ‍್ಯಾಗಿಂಗ್ ತಡೆಯ ಬಗ್ಗೆ ಸುತ್ತೋಲೆ ಕಳಿಸಿದೆ. ಉಪಪ್ರಾಂಶುಪಾಲರು, ಹಿರಿಯ ಶಿಕ್ಷಕರು, ಆಪ್ತಸಮಾಲೋಚಕರು, ಪೋಷಕರ ಪ್ರತಿನಿಧಿ ಮೊದಲಾದವರಿರುವ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಹಾಗಾಗಿ ಎರಡನೇ ಪತ್ರದಲ್ಲಿ ಒಂದೇ ಪ್ರಶ್ನೆ ಸಾಕು: ಆ ಸಮಿತಿಯಲ್ಲಿ ಯಾರ‍್ಯಾರಿದ್ದಾರೆ, ನಮ್ಮ ದೂರು ಅದರ ಮುಂದೆ ಯಾವ ತಾರೀಕಿಗೆ ಬಂತು? ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಇಲ್ಲಿ ಬಯಲಾಗುತ್ತದೆ. ಇದರ ಪ್ರತಿಯನ್ನು ಸಿಬಿಎಸ್‌ಇಯ ಬೆಂಗಳೂರು ಪ್ರಾದೇಶಿಕ ಕಚೇರಿಗೂ ಕಳಿಸಿ. ಶಾಲೆಯ ಸಂಯೋಜನೆಯ (ಅಫಿಲಿಯೇಷನ್) ಮೇಲೆ ಹಿಡಿತ ಇರುವುದು ಅವರಿಗೆ, ಶಾಲೆಗಳು ಹೆದರುವುದೂ ಅದಕ್ಕೇ.

ಸಿಬಿಎಸ್‌ಇ ಎಂದರೆ ಜಿಲ್ಲೆಯ ಅಧಿಕಾರಿಗಳಿಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಗುವಿನ ಸುರಕ್ಷತೆಯ ದೂರನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕೊಡಬಹುದು, ಅಲ್ಲಿ ಅಲುಗಾಡದಿದ್ದರೆ ಮಡಿಕೇರಿಯಲ್ಲಿರುವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ), ಆಮೇಲೆ ಜಿಲ್ಲಾಧಿಕಾರಿ. ಕಂದಾಯ ತಾಲೂಕು ಮತ್ತು ಶೈಕ್ಷಣಿಕ ತಾಲೂಕು ಯಾವಾಗಲೂ ಒಂದೇ ಆಗಿರುವುದಿಲ್ಲ, ಆದ್ದರಿಂದ ಶಾಲೆ ಯಾವ ಬಿಇಒ ವ್ಯಾಪ್ತಿಗೆ ಬರುತ್ತದೆಂದು ಮೊದಲೇ ವಿಚಾರಿಸಿ. ಪ್ರತಿ ಶಾಲೆಗೂ ಇರುವ ಸರ್ಕಾರಿ ಗುರುತಿನ ಸಂಖ್ಯೆಯನ್ನು (ಯುಡೈಸ್) ಅರ್ಜಿಯಲ್ಲಿ ಬರೆದರೆ ‘ನಮಗೆ ಬರಲ್ಲ’ ಎಂದು ಕಾಗದ ಅಲ್ಲಿಂದಿಲ್ಲಿಗೆ ಓಡಾಡುವುದು ತಪ್ಪುತ್ತದೆ.

ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಅಂಚೆ ಅಥವಾ ಇಮೇಲ್ ಮೂಲಕ ದೂರು ಸಲ್ಲಿಸಬಹುದು, ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ವಿಚಾರಣೆಗೆ ಕರೆಸಲು, ದಾಖಲೆ ತರಿಸಲು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕೊನೆಯಲ್ಲಿ ಅದು ಕೊಡುವುದು ಶಿಫಾರಸು, ಡಿಕ್ರಿಯಲ್ಲ. ಇದನ್ನು ತಿಳಿದುಕೊಂಡೇ ಹೋಗಿ. ಆದರೂ ಆಯೋಗದ ನೋಟಿಸು ಬಂದ ಮೇಲೆ ಉತ್ತರ ಬರೆಯದೆ ಕೂರುವ ಶಾಲೆಗಳು ಕಡಿಮೆ.

ಮಗಳು ಊಟ ಬಿಟ್ಟಿದ್ದರೆ, ನಿದ್ದೆ ಕೆಟ್ಟಿದ್ದರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ’ ಎಂಬಂಥ ಮಾತಾಡಿದ್ದರೆ ಈ ಕಚೇರಿಗಳೆಲ್ಲ ಆಮೇಲೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಮಡಿಕೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ವಸತಿಶಾಲೆಯಲ್ಲಿರುವ ನಮ್ಮ ಹುಡುಗ ಪುತ್ತರಿ ರಜೆಗೆ ಬಂದಾಗ ಬೆನ್ನ ಮೇಲೆ ಬೆಲ್ಟಿನ ಬಾಸುಂಡೆ ನೋಡಿದೆವು. ಸೀನಿಯರ್‌ಗಳ ಬಟ್ಟೆ ಒಗೆಯಬೇಕಂತೆ, ಇಲ್ಲವೆಂದರೆ ರಾತ್ರಿ ಹೊಡೆತ. ವಾರ್ಡನ್ ‘ಸೀನಿಯರ್‌ಗಳಿಗೆ ಶಿಸ್ತಿನ ಜವಾಬ್ದಾರಿ ಕೊಟ್ಟಿದ್ದೇವೆ’ ಎಂದರು.
– ತಂದೆ, ನಾಪೋಕ್ಲು

ಉತ್ತರ: ವಾರ್ಡನ್ ಹೇಳಿದ ಆ ಮಾತನ್ನು ತಾರೀಕು ಸಮೇತ ಬರೆದಿಡಿ. ತಾನು ಮಾಡಬೇಕಾದ ಮೇಲ್ವಿಚಾರಣೆಯನ್ನು ಮಕ್ಕಳ ಕೈಗೆ ಕೊಟ್ಟೆವೆಂದು ಅವರೇ ಒಪ್ಪಿಕೊಂಡ ಹಾಗಾಯಿತು. ಹಗಲು ಶಾಲೆಗೆ ಸಂಜೆ ನಾಲ್ಕಕ್ಕೆ ಹೊಣೆ ಸಡಿಲವಾಗುತ್ತದೆ. ಹಾಸ್ಟೆಲಿಗೆ ಆ ಸಡಿಲಿಕೆ ಇಲ್ಲ, ದಿನದ 24 ಗಂಟೆಯೂ ಮಗು ಅವರ ವಶದಲ್ಲಿರುತ್ತದೆ.

2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇಂಥದ್ದಕ್ಕೇ ಇರುವುದು. ಮಗು ಯಾರ ವಶ ಅಥವಾ ಹಿಡಿತದಲ್ಲಿದೆಯೋ ಅವರು ಅದನ್ನು ಹೊಡೆದರೆ, ಹೊಡೆಸಿದರೆ ಅಥವಾ ಬೇಕೆಂದೇ ನಿರ್ಲಕ್ಷಿಸಿ ಮಾನಸಿಕ, ದೈಹಿಕ ನೋವಿಗೆ ಗುರಿಮಾಡಿದರೆ 3 ವರ್ಷದವರೆಗೆ ಜೈಲು. ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯ ಸಿಬ್ಬಂದಿ ಅಥವಾ ಆಡಳಿತದವರಾದರೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ. ‘ಬೇಕೆಂದೇ’ ಎಂಬುದನ್ನು ತೋರಿಸುವುದು ಕಷ್ಟ. ನೀವು ಬರೆದು ತಿಳಿಸಿದ ಮೇಲೂ ಅದೇ ಕೋಣೆಯಲ್ಲಿ ಅದೇ ಸೀನಿಯರ್‌ಗಳ ಜೊತೆ ಮಲಗಿಸಿದ್ದರೆ ಆ ಕಷ್ಟ ಬಹುಪಾಲು ತೀರುತ್ತದೆ.

ಬಾಸುಂಡೆ ನಾಲ್ಕೈದು ದಿನದಲ್ಲಿ ಮಾಸುತ್ತದೆ. ಆದ್ದರಿಂದ ಕಂಡ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯದ ಪ್ರಮಾಣಪತ್ರ ಮಾಡಿಸಬೇಕು. ಅಗಲ, ಉದ್ದ, ಬಣ್ಣ ಅದರಲ್ಲಿ ಬರುತ್ತದೆ, ಎಷ್ಟು ಹಳೆಯ ಗಾಯವೆಂದು ಅಂದಾಜಿಸಲು ಬಣ್ಣವೂ ಒಂದು ಸುಳಿವು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಹುಡುಗನನ್ನು ಮತ್ತೆ ಮತ್ತೆ ಪ್ರಶ್ನೆ ಮಾಡಬೇಡಿ. ಒಂದು ಸಲ, ಒಬ್ಬರೇ ಕೂತು, ‘ಆಮೇಲೆ ಏನಾಯ್ತು?’ ಎಂದಷ್ಟೇ ಕೇಳುತ್ತಾ ಅವನ ಮಾತಿನಲ್ಲೇ ಬರೆದುಕೊಳ್ಳಿ. ‘ವಾರ್ಡನ್ ನೋಡ್ತಾ ನಿಂತಿದ್ರಾ?’ ಎಂದು ಉತ್ತರವನ್ನು ನೀವೇ ಬಾಯಿಗಿಟ್ಟರೆ ಅವನ ಹೇಳಿಕೆಯ ಬೆಲೆ ಕಡಿಮೆಯಾಗುತ್ತದೆ.

ಬಟ್ಟೆ ಬಿಚ್ಚಿಸುವುದು, ಗುಪ್ತಾಂಗ ಮುಟ್ಟುವುದು, ಅಂಥ ಫೋಟೋ ತೆಗೆಯುವುದು ನಡೆದಿದ್ದರೆ ದಾರಿಯೇ ಬೇರೆ. ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ವಿಷಯ. ಗೊತ್ತಾದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು, ‘ಮೊದಲು ಆಂತರಿಕ ತನಿಖೆ ಮಾಡುತ್ತೇವೆ’ ಎಂದು ಇಟ್ಟುಕೊಳ್ಳುವ ಹಕ್ಕು ಶಾಲೆಗಿಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ ಸಜೆಯಿದೆ. ತನ್ನ ಕೈಕೆಳಗಿನವರು ಎಸಗಿದ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಠಾಣೆಯಲ್ಲಿ ‘ಮಕ್ಕಳ ಮೇಲೆ ಎಫ್‌ಐಆರ್ ಆಗಲ್ಲ’ ಎಂದು ವಾಪಸು ಕಳಿಸುವುದುಂಟು. ಅದು ಅರ್ಧ ನಿಜ. 18 ತುಂಬದವರ ಮೇಲೆ ಘೋರ ಅಪರಾಧದ ಆರೋಪವಿಲ್ಲದಿದ್ದರೆ ಎಫ್‌ಐಆರ್ ಬದಲು ಠಾಣೆಯ ದಿನಚರಿಯಲ್ಲಿ ದಾಖಲಿಸಿ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಸುಮ್ಮನೆ ಬಿಡಬೇಕು ಎಂದಲ್ಲ. ವಾರ್ಡನ್ ವಯಸ್ಕರು, ಅವರ ವಿಷಯಕ್ಕೆ ಈ ವಿನಾಯಿತಿ ಬರುವುದೇ ಇಲ್ಲ. ಸರ್ಕಾರಿ ವಸತಿಶಾಲೆಯಾದರೆ ದೂರಿನ ಪ್ರತಿ ಅದನ್ನು ನಡೆಸುವ ಇಲಾಖೆಗೂ ಹೋಗಬೇಕು, ಬಿಇಒ ಒಬ್ಬರಿಗೇ ಕೊಟ್ಟರೆ ಅಲ್ಲೇ ಕೊಳೆಯುತ್ತದೆ. ಮಗು ಇನ್ನೂ ಅಲ್ಲೇ ಇದ್ದು ಅಪಾಯ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ.

ಪ್ರಶ್ನೆ: ತೋಟದ ಲೈನ್‌ಮನೆಯ ಯರವ ಮಕ್ಕಳನ್ನು ಸಹಪಾಠಿಗಳು ಜಾತಿ ಹೆಸರು ಹಿಡಿದೇ ಕರೆಯುತ್ತಾರೆ, ಪಕ್ಕದಲ್ಲಿ ಕೂರುವುದಿಲ್ಲ, ಅವರ ಮಾತಿನ ಧಾಟಿ ಅಣಕಿಸುತ್ತಾರೆ. ಒಬ್ಬ ಶಿಕ್ಷಕರೂ ಹಾಗೆಯೇ ಕರೆಯುವುದುಂಟು. ಇಬ್ಬರು ಮಕ್ಕಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದಿದೆ, ಅಷ್ಟೇ.
– ಹಾಡಿ ಮಕ್ಕಳೊಂದಿಗೆ ಕೆಲಸ ಮಾಡುವವರು, ಪೊನ್ನಂಪೇಟೆ ತಾಲೂಕು

ಉತ್ತರ: ಮಕ್ಕಳು ಮಾಡಿದ್ದನ್ನೂ ಶಿಕ್ಷಕರು ಮಾಡಿದ್ದನ್ನೂ ಬೇರೆ ಬೇರೆ ಅರ್ಜಿಯಲ್ಲಿ ಬರೆಯಿರಿ. ಒಂದರಲ್ಲೇ ಸೇರಿಸಿದರೆ ಶಿಕ್ಷಕರದ್ದು ಮಕ್ಕಳ ಗಲಾಟೆಯೊಳಗೆ ಕರಗಿಹೋಗುತ್ತದೆ.

ಪರಿಶಿಷ್ಟ ಪಂಗಡದ ಮಗುವನ್ನು ಇತರರ ಎದುರು ಅವಮಾನಿಸುವ ಉದ್ದೇಶದಿಂದ ಹೀಯಾಳಿಸುವುದು, ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ನಿಂದಿಸಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಮಾತ್ರ ಈ ಕಾಯ್ದೆ ಅನ್ವಯಿಸದು. ತರಗತಿಯಲ್ಲಿ ಆಡಿದ ಮಾತಿಗೆ ಇಡೀ ತರಗತಿ ಸಾಕ್ಷಿ. ಆಡಿದ ಪದವನ್ನು ಇದ್ದದ್ದಿದ್ದಂತೆ ಬರೆಯಬೇಕು, ‘ಕೆಟ್ಟದಾಗಿ ಬೈದರು’ ಎಂದರೆ ಸಾಲದು. ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕೆಂದು ಈ ಕಾಯ್ದೆಯಲ್ಲಿ ಹೇಳುವಂತೆಯೂ ಇಲ್ಲ.

ಸಹಪಾಠಿಗಳ ವಿಷಯದಲ್ಲಿ ಗುರಿ ಶಾಲೆಯ ಮೇಲಿರಲಿ, ಹನ್ನೆರಡು ವರ್ಷದ ಮಕ್ಕಳ ಮೇಲಲ್ಲ. ದುರ್ಬಲ ವರ್ಗದ ಮಗು ತಾರತಮ್ಯಕ್ಕೆ ಒಳಗಾಗಿ ಶಾಲೆಯಿಂದ ದೂರವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಲಿಖಿತ ದೂರು ಕೊಟ್ಟರೆ 3 ತಿಂಗಳೊಳಗೆ ಇತ್ಯರ್ಥವಾಗಬೇಕು, ಒಪ್ಪಿಗೆಯಾಗದಿದ್ದರೆ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ.

ಕಾನೂನಿನ ಪುಸ್ತಕದಲ್ಲಿಲ್ಲದ ತೊಡಕೊಂದು ಇಲ್ಲಿದೆ. ಲೈನ್‌ಮನೆ ತೋಟದವರದು, ಕೂಲಿಯ ಮುಂಗಡವೂ ಅವರ ಲೆಕ್ಕದಲ್ಲಿರುತ್ತದೆ. ಶಾಲೆಯ ಮಂಡಳಿಯಲ್ಲಿ ಅವರ ನೆಂಟರೇ ಇದ್ದರೆ ತಂದೆತಾಯಿ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಹಿಂಜರಿಯುವುದು ಸಹಜ. ಹಾಗಿದ್ದರೆ ಅವರನ್ನು ಮುಂದೆ ನಿಲ್ಲಿಸಬೇಡಿ. ಮಡಿಕೇರಿಯ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ (ಐಟಿಡಿಪಿ) ಕಚೇರಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನೀವೇ ವಿಷಯ ತಿಳಿಸಬಹುದು, ಮಕ್ಕಳ ಹಕ್ಕುಗಳ ದೂರು ಯಾರು ಬೇಕಾದರೂ ಕೊಡಬಹುದು. ಪಂಚಾಯ್ತಿಯ ಮಕ್ಕಳ ಗ್ರಾಮಸಭೆ ನಡೆಯುವಾಗ ‘ಗೈರು’ ಆಗಿರುವ ಮಕ್ಕಳ ಲೆಕ್ಕವನ್ನು ಅಲ್ಲೇ ಕೇಳಿ ನಡಾವಳಿಯಲ್ಲಿ ಬರೆಸಿ. ಅದರಲ್ಲಿ ಯಾವ ಕುಟುಂಬದ ಹೆಸರೂ ಬೇಕಾಗುವುದಿಲ್ಲ.

ಪ್ರಶ್ನೆ: ನನ್ನ ಮಗನೇ ಬೇರೆ ಹುಡುಗನಿಗೆ ಹೊಡೆದನೆಂದು ದೂರು. ಏಳನೇ ಕ್ಲಾಸು. ಶಾಲೆಯಿಂದ ತೆಗೆದುಹಾಕುತ್ತೇವೆ ಎನ್ನುತ್ತಾರೆ.
– ಸುಂಟಿಕೊಪ್ಪ

ಉತ್ತರ: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್. ‘ನೀವೇ ಟಿಸಿ ತಗೊಳ್ಳಿ’ ಎಂದು ಒತ್ತಾಯಿಸುವುದೂ ಬೇರೆ ಹೆಸರಿನ ಹೊರಹಾಕುವಿಕೆಯೇ. ತರಗತಿ ಅಥವಾ ಜಾಗ ಬದಲಿಸುವುದು, ಬಿಡುವಿನಲ್ಲಿ ಕಣ್ಣಿಡುವುದು, ಆಪ್ತಸಮಾಲೋಚನೆ, ಹೆತ್ತವರನ್ನು ಕರೆಸುವುದು ಇವೆಲ್ಲ ಮಾಡಬಹುದು. ಅವುಗಳಿಗೆ ಸಹಕರಿಸಿ. ಎದುರಿನ ಮನೆಯವರಿಗೆ ಫೋನ್ ಮಾಡಿ ವಾದಿಸಬೇಡಿ. ಮಗನಿಗೆ ಮನೆಯಲ್ಲಿ ಬಾರಿಸಿ ಕಳಿಸಿದರೆ ಅವನು ಕಲಿಯುವ ಪಾಠ ಇನ್ನೊಂದೇ ಆಗಿರುತ್ತದೆ.

ಪ್ರಶ್ನೆ: ಕ್ಲಾಸಿನ ಮಕ್ಕಳು ರಾತ್ರಿ ಮನೆಯಿಂದ ವಾಟ್ಸಾಪ್ ಗುಂಪಿನಲ್ಲಿ ಮಗಳ ಚಿತ್ರ ತಿರುಚಿ ಹಾಕುತ್ತಾರೆ. ಶಾಲೆ ‘ನಮ್ಮ ಹೊತ್ತಿನಲ್ಲಿ ಆದದ್ದಲ್ಲ’ ಎನ್ನುತ್ತದೆ.
– ಮಡಿಕೇರಿ

ಉತ್ತರ: ರಾತ್ರಿ ನಡೆದದ್ದಕ್ಕೆ ಶಾಲೆ ಹೊಣೆಯಲ್ಲ ಎಂಬುದು ಸರಿಯೇ. ಮಾರನೆ ದಿನ ಅದೇ ಚಿತ್ರ ಹಿಡಿದು ಕ್ಲಾಸಿನಲ್ಲಿ ನಕ್ಕರೆ, ಅದು ಶಾಲೆಗೆ ತಿಳಿದರೆ, ಅಲ್ಲಿಂದ ಶಾಲೆಯದು. ಸ್ಕ್ರೀನ್‌ಶಾಟಿನಲ್ಲಿ ಗುಂಪಿನ ಹೆಸರು, ಕಳಿಸಿದವರ ನಂಬರು, ಹೊತ್ತು ಕಾಣಬೇಕು. ಮೂಲ ಮೆಸೇಜು ಅಳಿಸಬೇಡಿ, ಫೋನನ್ನೂ ಮಾರಬೇಡಿ. ನ್ಯಾಯಾಲಯದಲ್ಲಿ ಇದಕ್ಕೆ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಚಿತ್ರ ಅಶ್ಲೀಲವಾಗಿದ್ದರೆ ತಡಮಾಡದೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ, ಸಾಕ್ಷಿಗೆಂದು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಬೇಡಿ, ಅದೇ ಅಪರಾಧ. ಸೇಡಿಗೆ ಆ ಮಕ್ಕಳ ಹೆಸರನ್ನು ಪೋಷಕರ ಗುಂಪಿನಲ್ಲಿ ಹಾಕುವುದೂ ಬೇಡ. ಆರೋಪಕ್ಕೊಳಗಾದ ಮಗುವಿನ ಗುರುತು ಬಯಲು ಮಾಡುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಸಜೆ, 2 ಲಕ್ಷದವರೆಗೆ ದಂಡವಿದೆ.

ಪ್ರಶ್ನೆ: ನಾನು ಸಹಶಿಕ್ಷಕಿ. ಒಬ್ಬ ಹುಡುಗನನ್ನು ಕಾಡುತ್ತಿರುವುದು ನನಗೆ ಗೊತ್ತು. ಹೆಚ್‌ಎಂಗೆ ಹೇಳಿದರೆ ‘ಶಾಲೆ ಹೆಸರು ಕೆಡುತ್ತೆ’ ಎನ್ನುತ್ತಾರೆ. ನಾಳೆ ಏನಾದರೂ ಆದರೆ ನಾನೂ ಸಿಕ್ಕಿಕೊಳ್ಳುತ್ತೇನಾ? ಸಣ್ಣ ಶಾಲೆ, ಏನು ಮಾಡಬಹುದು?
– ಸೋಮವಾರಪೇಟೆ ತಾಲೂಕು

ಉತ್ತರ: ಸಿಕ್ಕಿಕೊಳ್ಳಬಹುದು. ‘ಕ್ಲಾಸ್ ಟೀಚರಿಗೆ ಗೊತ್ತಿತ್ತು, ನಮಗೆ ಹೇಳಲಿಲ್ಲ’ ಎಂದು ಆಡಳಿತ ಕೈತೊಳೆದುಕೊಳ್ಳುವುದು ಸಾಮಾನ್ಯ. ನಾಲ್ಕು ಸಾಲಿನ ಟಿಪ್ಪಣಿ ಬರೆದು ಹೆಚ್‌ಎಂಗೆ ಕೊಡಿ, ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಸರ್ಕಾರಿ ಶಾಲೆಯಾದರೆ ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯ ವಿಷಯಸೂಚಿಗೆ ಸೇರಿಸಲು ಕೇಳಿ.

ಸಣ್ಣ ಶಾಲೆಯಲ್ಲಿ ಮಾಡಬೇಕಾದ್ದಕ್ಕೆ ಹಣ ಹೆಚ್ಚು ಬೇಡ. ಕಾಟ ನಡೆಯುವ ಜಾಗ ಮತ್ತು ಹೊತ್ತು ಎಲ್ಲ ಶಾಲೆಗಳಲ್ಲೂ ಹೆಚ್ಚುಕಡಿಮೆ ಒಂದೇ: ಶೌಚಾಲಯ, ಕಟ್ಟಡದ ಹಿಂಭಾಗ, ಕೊನೆಯ ಗಂಟೆ ಹೊಡೆದು ಬಸ್ಸು ಬರುವವರೆಗಿನ ಹೊತ್ತು, ಬಸ್ಸಿನ ಹಿಂದಿನ ಸೀಟು. ನಮ್ಮಲ್ಲಿ ಇನ್ನೊಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಕ್ಕೆ ಬಿಡಲಾಗದೆ ಎಲ್ಲ ತರಗತಿಯ ಮಕ್ಕಳೂ ಜಗಲಿಯಲ್ಲಿ, ಕೊಠಡಿಯೊಳಗೆ ತುಂಬಿರುತ್ತಾರೆ. ದೊಡ್ಡವರು ಚಿಕ್ಕವರು ಒತ್ತಾಗಿ ಬೆರೆಯುವುದು ಆಗಲೇ, ಶಿಕ್ಷಕರು ಸ್ಟಾಫ್‌ರೂಮಿನಲ್ಲಿ ಬೆಚ್ಚಗೆ ಕೂರುವುದೂ ಆಗಲೇ. ಹಾಗಾಗಿ ಬಿಡುವಿನ ಡ್ಯೂಟಿ ಪಟ್ಟಿ ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ ಇರಬೇಕು. ಪಟ್ಟಿಯಲ್ಲಿ ‘ಮೇಲ್ವಿಚಾರಣೆ: ಎಲ್ಲ ಶಿಕ್ಷಕರು’ ಎಂದು ಬರೆದರೆ ಯಾರೂ ಇರುವುದಿಲ್ಲ. ಒಂದು ಜಾಗಕ್ಕೆ ಒಬ್ಬರ ಹೆಸರು.

ದೂರು ಬಂದಾಗ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಸಾರಿ ಹೇಳು, ಕೈ ಕುಲುಕು’ ಎಂದು ಮುಗಿಸುವ ಪದ್ಧತಿ ಬಿಡಿ. ಸಮಬಲರ ಜಗಳಕ್ಕೆ ಅದು ಸರಿ. ಕಾಟದಲ್ಲಿ ಒಬ್ಬ ಬಲಶಾಲಿ, ಇನ್ನೊಬ್ಬ ಅಲ್ಲ. ಎಲ್ಲರೆದುರು ಸಾರಿ ಹೇಳಿಸಿಕೊಂಡವನು ಅದರ ಬೆಲೆಯನ್ನು ಸಂಜೆ ಬಸ್ ಸ್ಟಾಂಡಿನಲ್ಲಿ ತೆರುತ್ತಾನೆ. ಬೇರೆ ಬೇರೆಯಾಗಿ ಮಾತಾಡಿಸಿ, ಮೊದಲು ನೋಡಿದವರನ್ನು, ಆಮೇಲೆ ಕಾಡಿದವರನ್ನು. ಜಾಗ ಬದಲಿಸಬೇಕಾದರೆ ಕಾಡಿದವನದು ಬದಲಾಗಲಿ, ನೊಂದವನು ತಾನಾಗಿ ಕೇಳದ ಹೊರತು ಅವನನ್ನು ಎಬ್ಬಿಸಬೇಡಿ. ಕಾಡಿದವನಿಗೆ ಬೆತ್ತದ ಏಟು ಕೊಟ್ಟರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಆರೋಪಿಯಾಗುವುದು ನೀವು.

ಒಂದು ರಿಜಿಸ್ಟರ್ ಇಡಿ: ದೂರು ಬಂದ ದಿನ, ಏನು, ಯಾರು ನೋಡಿದರು, ಏನು ಕ್ರಮ. ಬಹಳಷ್ಟು ಶಾಲೆಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ಒಂದು ವಾರದ ಮೇಲೆ ಮತ್ತು ಒಂದು ತಿಂಗಳ ಮೇಲೆ ಆ ಮಗುವನ್ನು ಮತ್ತೆ ಕೇಳಿದ ತಾರೀಕಿಗೂ ಎರಡು ಕಾಲಂ ಬೇಕು. ಶಾಲೆಯನ್ನು ನ್ಯಾಯಾಲಯದಲ್ಲಿ ಕಾಪಾಡುವುದಿದ್ದರೆ ಆ ಎರಡು ಕಾಲಂಗಳೇ. ತಡೆಯಲು ಪ್ರಾಮಾಣಿಕವಾಗಿ ಯತ್ನಿಸಿಯೂ ಘಟನೆ ನಡೆದರೆ ಅದು ನಿರ್ಲಕ್ಷ್ಯವಾಗುವುದಿಲ್ಲ, ಮತ್ತು ಯತ್ನಿಸಿದ್ದನ್ನು ತೋರಿಸಲು ಬೇರೆ ದಾರಿಯಿಲ್ಲ.

ಪ್ರಶ್ನೆ: ಪರಿಹಾರಕ್ಕೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವುದೇ ಸುಲಭ ಎನ್ನುತ್ತಾರೆ, ನಿಜವೇ?
– ವಿರಾಜಪೇಟೆ

ಉತ್ತರ: ಸುಲಭ, ಆದರೆ ನೆಲ ಗಟ್ಟಿಯಿಲ್ಲ. ಬೆಂಗಳೂರಿನ ಶಾಲೆಯೊಂದರ ವಿದ್ಯಾರ್ಥಿನಿ 2006ರಲ್ಲಿ ಉತ್ತರ ಭಾರತದ ಪ್ರವಾಸದಲ್ಲಿ ಮಿದುಳು ಜ್ವರಕ್ಕೆ ತುತ್ತಾಗಿ, ಜೊತೆಗಿದ್ದ ಶಿಕ್ಷಕರು ಚಿಕಿತ್ಸೆಗೆ ತಡಮಾಡಿದ ಪ್ರಕರಣದಲ್ಲಿ ರಾಜ್ಯ ಗ್ರಾಹಕ ಆಯೋಗ ಕೊಟ್ಟಿದ್ದ 88.73 ಲಕ್ಷ ರೂಪಾಯಿಯನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೆ ಊರ್ಜಿತಗೊಳಿಸಿತು. ಇನ್ನೊಂದೆಡೆ, ಶಿಕ್ಷಣ ಎಂಬುದು ಗ್ರಾಹಕ ಕಾಯ್ದೆಯ ‘ಸೇವೆ’ ಅಲ್ಲವೆಂದು ಹೇಳಿದ ತೀರ್ಪುಗಳೂ ಇವೆ. ಶಾಲೆಯ ವಕೀಲರು ಮೊದಲು ಎತ್ತುವುದೇ ಆ ತಕರಾರು. ಸಿವಿಲ್ ದಾವೆ ನಿಧಾನ, ಆದರೆ ಈ ತಕರಾರಿಗೆ ಅಲ್ಲಿ ಜಾಗವಿಲ್ಲ. ಮಗುವಿನ ಪರವಾಗಿ ಹೆತ್ತವರು ಹೂಡಬಹುದು. ಸರ್ಕಾರಿ ಶಾಲೆಯಾದರೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 80ನೇ ಸೆಕ್ಷನ್ನಿನ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು. ದಾವೆ ಹೂಡಿದ ಮೇಲೆ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಪರವಾಗಿ ರಾಜಿ ಮಾಡಿಕೊಳ್ಳುವಂತಿಲ್ಲ. ವಕೀಲರ ಖರ್ಚಿನ ಚಿಂತೆಯಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಕ್ಕಳಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಪ್ರಶ್ನೆ: ಸಾಕಾಗಿ ಬೇರೆ ಶಾಲೆಗೆ ಸೇರಿಸುತ್ತಿದ್ದೇವೆ. ಐದನೇ ಕ್ಲಾಸು. ಟಿಸಿ ಕೊಡಲು ಸತಾಯಿಸುತ್ತಿದ್ದಾರೆ.
– ಶನಿವಾರಸಂತೆ

ಉತ್ತರ: ಎಂಟನೇ ತರಗತಿಯವರೆಗೆ ಟಿಸಿಯನ್ನು ಕೇಳಿದ ಕೂಡಲೇ ಕೊಡಬೇಕು, ತಡಮಾಡಿದ ಮುಖ್ಯಶಿಕ್ಷಕರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಟಿಸಿ ಬಂದಿಲ್ಲವೆಂದು ಹೊಸ ಶಾಲೆ ದಾಖಲಾತಿ ತಡೆಯುವಂತೆಯೂ ಇಲ್ಲ. ಎರಡೂ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿವೆ. ಮಗುವಿನ ವಿದ್ಯಾರ್ಥಿ ಗುರುತಿನ (ಸ್ಯಾಟ್ಸ್) ಸಂಖ್ಯೆಯನ್ನು ಹೊಸ ಶಾಲೆಗೆ ಕೊಟ್ಟು ಸೇರಿಸಿಬಿಡಿ, ಬಿಇಒಗೆ ಒಂದು ಅರ್ಜಿ ಹಾಕಿ. ಟಿಸಿ ಕೋರಿಕೆಯ ಪತ್ರದಲ್ಲಿ ಕಾರಣದ ಜಾಗಕ್ಕೆ ‘ಸ್ವಂತ ಕಾರಣ’ ಎಂದು ಬರೆಯಲು ಗುಮಾಸ್ತರು ಹೇಳಿದರೆ ಬರೆಯಬೇಡಿ. ‘ಇಂತಿಂಥ ತಾರೀಕಿನ ದೂರುಗಳ ಮೇಲೆ ಕ್ರಮವಾಗದ ಕಾರಣ’ ಎಂದು ಬರೆದು ಆ ಪತ್ರಕ್ಕೂ ಸೀಲು ಹಾಕಿಸಿಕೊಳ್ಳಿ.